ಅಜ್ಜನ ಮುಷ್ಟಿ, ಮೊಮ್ಮಗನ ಮುಷ್ಟಿ
(ಲಕ್ಷ್ಮೇಶ್ವರದಲ್ಲಿ ರೈತರೆದುರು ಮಾಡಿದ ಭಾಷಣ)



ಎರೆಹೊಲದಲ್ಲಿ ರಂಟೆ ಹೊಡೆದ ಅಜ್ಜನ ಹಿಡಿತ ಟ್ರ್ಯಾಕ್ಟರಿನ ಮೊಮ್ಮಗನಿಗಿಲ್ಲವೆಂದು ಕಟ್ಟೆಯ ಮೇಲಿನ ಹಿರಿಯರು ಹಂಗಿಸುವುದುಂಟು. ಆದರೆ ಹಸಿವು, ಪ್ಲೇಗುಗಳಲ್ಲಿ ಅಳಿದವರ ಕೈಯನ್ನು ಅಳೆದವರಾರು? ಬದುಕುಳಿದ ಗಟ್ಟಿಗರನ್ನಷ್ಟೇ ನಾವು ನೆನೆಯುತ್ತೇವೆ.

ಇದು ಹುಡುಗಾಟದ ಮಾತಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಮುಷ್ಟಿಬಲವನ್ನಳೆದ ವಿಜ್ಞಾನಿಗಳು 2015ರಲ್ಲಿ ಹೇಳಿದರು: ಹಿಡಿತ 5 ಕಿಲೋ ತಗ್ಗಿದವರಲ್ಲಿ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚು. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಮುಷ್ಟಿ ಮುಪ್ಪಿನವರೆಗೂ ಸಡಿಲವಾಗಿರುವುದುಂಟು. ಎಂದಮೇಲೆ ಮೊಮ್ಮಗನನ್ನು ಸೋಮಾರಿಯೆಂದು ಬಯ್ಯುವ ಮೊದಲು, ಬಸುರಿಯಾಗಿ ಮೆಣಸಿನಕಾಯಿ ಬಿಡಿಸಿದ ಕೂಲಿಯವಳ ತಟ್ಟೆಯಲ್ಲಿ ರೊಟ್ಟಿಯೊಡನೆ ಬೇಳೆ ಎಷ್ಟಿತ್ತು, ಕೇಳಿರಿ. ಹಿಡಿತ ಅಳೆಯುವ ಯಂತ್ರ ಅಂಗೈಗೆ ಸಾಕಾಗುವಷ್ಟೇ ಚಿಕ್ಕದು. ಪ್ರತಿ ಆರೋಗ್ಯ ಕೇಂದ್ರದಲ್ಲೂ ಅದನ್ನಿಡಿಸಬೇಕು; ಮೊದಲು ಕೂಲಿ ಹೆಂಗಸರ ಕೈ ಅಳೆಯಲಿ.