ಓಣಿಗೆ ಸರಿದು ನಿಲ್ಲಿ

ಸಿಂಗಸಂದ್ರದ ಪಿಜಿಯಲ್ಲಿರುವ ನನ್ನ ತಂಗಿಯ ಮಗ ರಾತ್ರಿ ಪಾಳಿ ಮುಗಿಸಿ ಬಂದು ನೆಟ್‌ಹ್ಯಾಕ್ ಆಡುತ್ತಾನೆ. 1987ರ ಕಂಪ್ಯೂಟರ್ ಆಟ. ಚಿತ್ರವಿಲ್ಲ, ಬರೀ ಅಕ್ಷರ. ಜೊತೆಗಿರುವ ನಾಯಿಮರಿಯೂ ಒಂದು ‘ಡಿ’. ಸತ್ತರೆ ಮತ್ತೆ ಮೊದಲಿನಿಂದ, ನೆಲಮಾಳಿಗೆಯ ನಕ್ಷೆಯೂ ಬೇರೆ.

ಹೊಸೂರು ರಸ್ತೆಯ ಲಾರಿ ಸದ್ದಿನ ನಡುವೆ ನಾನೂ ಆಡಲು ಕೂತೆ. ಸಿಕ್ಕ ಹಳಸಲು ಹೆಣ ತಿಂದು ಸತ್ತೆ. “ದೊಡ್ಡಮ್ಮ, ಈಗಷ್ಟೇ ಕೊಂದದ್ದನ್ನು ತಿನ್ನಬೇಕು,” ಅಂತ ನಕ್ಕ. ಶತ್ರುಗಳ ಗುಂಪು ಮೇಲೆ ಬಿದ್ದರೆ ಬಯಲಲ್ಲಿ ನಿಲ್ಲದೆ ಓಣಿಗೆ ಸರಿಯಬೇಕಂತೆ. ಆಗ ಎದುರಾಗುವವರು ಒಬ್ಬೊಬ್ಬರೇ. ಪ್ರಾಣ ಏಳನೇ ಒಂದು ಪಾಲಿಗಿಂತ ಇಳಿದಾಗ ಪ್ರಾರ್ಥಿಸಿದರೆ ದೇವರು ಸಾಮಾನ್ಯವಾಗಿ ಕಾಯುತ್ತಾನೆ. ಪದೇ ಪದೇ ಕರೆದರೆ ಸಿಟ್ಟಾಗುತ್ತಾನೆ, ಯಾರಿಗಾದರೂ ಸಿಟ್ಟು ಬರುತ್ತದೆ ಬಿಡಿ!

ಹೊಸದಾಗಿ ಆಡುವವರು ವಾಲ್ಕಿರಿ ಪಾತ್ರವನ್ನೇ ಆರಿಸಿಕೊಳ್ಳಿ. ಅವಳು ಗಟ್ಟಿಗಿತ್ತಿ.