ಮಗು ಪಾಲುಪಟ್ಟಿಯ ಆಸ್ತಿಯಲ್ಲ
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಗಂಡ ಹೆಂಡಿರು ಬೇರೆಯಾಗುವಾಗ ಮಗು ಯಾರ ಬಳಿ ಇರಬೇಕು ಎಂಬುದು ಇಂದಿನ ವಿಷಯ. ಇದು ಮನೆಯೊಳಗಿನ ಮಾತು, ಪಕ್ಷದ ಸಭೆಗೆ ಏಕೆ ತಂದಿರಿ ಎಂದು ಕೇಳಿದವರುಂಟು. ಗೇಣಿಯ ವಿಚಾರವನ್ನೂ ಒಂದು ಕಾಲಕ್ಕೆ ಒಡೆಯ ಒಕ್ಕಲುಗಳ ಮನೆಮಾತೆಂದೇ ಹೇಳುತ್ತಿದ್ದರು.

ಹಳ್ಳಿಗಳಲ್ಲಿ ಇದು ಹೇಗೆ ತೀರ್ಮಾನವಾಗುತ್ತದೆಂದು ನಿಮಗೆ ಗೊತ್ತು. ನಾಲ್ಕು ಜನ ಹಿರಿಯರು ಕಟ್ಟೆಯ ಮೇಲೆ ಕೂರುತ್ತಾರೆ. ಮದುವೆಗೆ ಕೊಟ್ಟ ಪಾತ್ರೆ, ಒಡವೆ, ಊಟದ ಖರ್ಚು ಎಲ್ಲದರ ಲೆಕ್ಕವಾಗುತ್ತದೆ. ಆ ಲೆಕ್ಕದ ಜೊತೆಗೇ ಗಂಡುಮಗು ಅಪ್ಪನಿಗೆ, ಹೆಣ್ಣುಮಗು ಅವ್ವನಿಗೆ ಎಂದು ಹಂಚಿಕೆಯಾಗುತ್ತದೆ. ಛಾಪಾಕಾಗದದ ಮೇಲೆ ಬರೆಸಿ, ಹೆಣ್ಣಿನ ಹೆಬ್ಬೆಟ್ಟು ಒತ್ತಿಸುತ್ತಾರೆ. ಅಣ್ಣ ತಂಗಿ ಅಂದಿನಿಂದ ಬೇರೆ ಬೇರೆ ಊರಿನವರು. ಎತ್ತನ್ನು ಮಾರುವಾಗಲಾದರೂ ಹಲ್ಲು ನೋಡುತ್ತಾರೆ. ಇಲ್ಲಿ ಮಗುವಿನ ಮುಖವನ್ನೂ ನೋಡುವುದಿಲ್ಲ.

ಆ ಕಾಗದಕ್ಕೆ ನ್ಯಾಯಾಲಯದ ಕೈ ಕಟ್ಟುವ ಶಕ್ತಿಯಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ, ಎರಡೂ ಮಗುವಿನ ಕ್ಷೇಮವನ್ನೇ ನೋಡಬೇಕೆನ್ನುತ್ತವೆ. 1956ರ ಕಾಯಿದೆಯ 13ನೆಯ ಕಲಮಿನಂತೆ ಆ ಕ್ಷೇಮವೇ ಎಲ್ಲಕ್ಕಿಂತ ಮೇಲು. ಮಕ್ಕಳು ತಂದೆತಾಯಿಗಳ ಸೊತ್ತೂ ಅಲ್ಲ, ಆಟದ ಗೊಂಬೆಯೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ. ಸುಪರ್ದಿನ ಆಜ್ಞೆ ಕಲ್ಲಿನಲ್ಲಿ ಕೊರೆದದ್ದಲ್ಲ, ಮಗು ಬೆಳೆದಂತೆ, ಸ್ಥಿತಿ ಬದಲಾದಂತೆ ಅದನ್ನೂ ಬದಲಿಸಬಹುದು ಎಂದೂ ಅದೇ ತೀರ್ಪು ಹೇಳುತ್ತದೆ.

ಸುಪರ್ದು ಬೇರೆ, ಪಾಲಕತ್ವ ಬೇರೆ. ಮಗು ಯಾರ ಮನೆಯಲ್ಲಿ ಉಂಡು, ಮಲಗಿ, ಶಾಲೆಗೆ ಹೋಗುತ್ತದೆ ಎಂಬುದು ಸುಪರ್ದು. ಮಗುವಿನ ಪರವಾಗಿ ರುಜು ಹಾಕುವ, ಅದರ ಆಸ್ತಿಪಾಸ್ತಿ ನೋಡುವ ಅಧಿಕಾರ ಪಾಲಕತ್ವ. 1956ರ ಕಾಯಿದೆ ಸಹಜ ಪಾಲಕನೆಂದು ತಂದೆಯನ್ನು ಹೆಸರಿಸಿ, ಅವನ ನಂತರ ತಾಯಿ ಎಂದಿತು. ಮಗನ ಹೆಸರಿನ ಬಾಂಡಿಗೆ ತಾಯಿಯ ರುಜು ಸಾಲದೆಂದು ರಿಸರ್ವ್ ಬ್ಯಾಂಕು ಹೇಳಿದಾಗ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಹೋದರು. ನಂತರ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ಅಲ್ಲ, ಅವನು ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ಎಂದು 1999ರಲ್ಲಿ ಕೋರ್ಟು ಅರ್ಥ ಮಾಡಿತು. ಅರ್ಥ ಬದಲಾಯಿತು, ಕಾಯಿದೆಯ ಅಕ್ಷರ ಮಾತ್ರ ಹಾಗೆಯೇ ಉಳಿದಿದೆ. ಹೊತ್ತು ಹೆತ್ತವಳನ್ನು ಎರಡನೆಯ ಸಾಲಿನಲ್ಲಿ ಕೂರಿಸುವ ಈ ಅಕ್ಷರವನ್ನು ತಿದ್ದಲೇಬೇಕು.

ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಇದೇ ಕಾಯಿದೆ ಹೇಳುತ್ತದೆ. ಹನಫಿ ಪದ್ಧತಿಯ ಮುಸ್ಲಿಮರಲ್ಲಿ ಹಿಜಾನತ್ ಎಂಬ ತಾಯಿಯ ಹಕ್ಕು ಗಂಡುಮಗುವಿಗೆ ಏಳು ವರ್ಷದವರೆಗೆ, ಹೆಣ್ಣುಮಗುವಿಗೆ ಪ್ರಾಯ ಬರುವವರೆಗೆ ಇದೆ. ವ್ಯಾಜ್ಯ ನ್ಯಾಯಾಲಯಕ್ಕೆ ಬಂದರೆ ಯಾವ ಮತದವರಾದರೂ ಮಗುವಿನ ಕ್ಷೇಮದ ಮಾತು ಬಂದೇ ಬರುತ್ತದೆ. ತಿಳಿವಳಿಕೆಯ ವಯಸ್ಸಿನ ಮಗುವಾದರೆ ಅದರ ಇಚ್ಛೆಯನ್ನೂ ನ್ಯಾಯಾಧೀಶರು ಗಮನಿಸಬಹುದು. ಹೀಗಿದೆ ಎಂದು ತಿಳಿದೊಡನೆ ಅಪ್ಪ ಕೆಟ್ಟವನು, ಅವ್ವ ಕೆಟ್ಟವಳು ಎಂದು ಮಗುವಿಗೆ ಪಾಠ ಒಪ್ಪಿಸುವವರಿದ್ದಾರೆ. ಮಗ್ಗಿ ಒಪ್ಪಿಸುವ ಹುಡುಗನ ದನಿಯನ್ನು ಮೇಷ್ಟರಾಗಿದ್ದ ನಾವು ಬಲ್ಲೆವು, ನ್ಯಾಯಾಧೀಶರೂ ಬಲ್ಲರು.

ಈಗ ನಿಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಕೂಲಿ ಮಾಡುವವಳು ನಾನು, ತವರಿನ ಜಗಲಿಯಲ್ಲಿ ಮಲಗುವವಳು, ಗಂಡನಿಗೆ ತೋಟವಿದೆ, ನನಗೆ ಮಗುವನ್ನು ಯಾರು ಕೊಡುತ್ತಾರೆ ಎಂದು ಹೆಬ್ಬೆಟ್ಟು ಒತ್ತಿದವರೇ ಹೆಚ್ಚು. ತೋಟವೊಂದನ್ನೇ ನೋಡಿ ಮಗುವನ್ನು ಒಪ್ಪಿಸುವ ಕಾನೂನು ಈ ದೇಶದಲ್ಲಿಲ್ಲ. ಜ್ವರ ಬಂದಾಗ ಎದ್ದು ಕೂತವರು ಯಾರು, ಶಾಲೆಗೆ ಕಳಿಸಿದವರು ಯಾರು ಎಂಬುದಕ್ಕೂ ಅಲ್ಲಿ ಬೆಲೆಯುಂಟು. ತೋಟವಿದ್ದವನು ಮಗುವಿನ ಜೀವನಾಂಶ ಕೊಡಬೇಕು, ಅಷ್ಟೆ. ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮಿನಡಿ ಮೊಕದ್ದಮೆ ನಡೆಯುತ್ತಿರುವಾಗಲೇ ಮಗುವಿನ ಪೋಷಣೆಗೆ, ವಿದ್ಯೆಗೆ ಹಣ ಕೇಳಬಹುದು. ಆ ಅರ್ಜಿಯನ್ನು ಎದುರುದಾರನಿಗೆ ನೋಟೀಸು ಮುಟ್ಟಿದ 60 ದಿನಗಳಲ್ಲಿ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು 2001ರ ತಿದ್ದುಪಡಿ ಹೇಳುತ್ತದೆ. ಸಾಧ್ಯವಾದಮಟ್ಟಿಗೆ ಎಂಬ ಮಾತಿನ ಹಿಂದೆ ಎಷ್ಟು ವಾಯಿದೆಗಳು ಅಡಗಿಕೊಳ್ಳುತ್ತವೆ ಎಂಬುದು ಕೋರ್ಟಿಗೆ ಅಲೆದವರಿಗೆ ಗೊತ್ತು. ಆದರೂ ಕೇಳದವರಿಗೆ ಅದೂ ಇಲ್ಲ.

ತಂದೆಯರ ದುಃಖವನ್ನು ನಾವು ಅಲ್ಲಗಳೆಯುವುದಿಲ್ಲ. ಸುಪರ್ದು ಸಿಗದವರಿಗೂ ಮಗುವನ್ನು ಕಾಣುವ, ಮಾತನಾಡಿಸುವ ಅವಕಾಶವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕೊಡುತ್ತವೆ. ಕರ್ನಾಟಕ ಹೈಕೋರ್ಟು 2013ರ ಒಂದು ಮೊಕದ್ದಮೆಯಲ್ಲಿ ಮಗು ವರ್ಷದ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಇರಲೆಂದಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾಯಿದೆಯಲ್ಲಿ ಎಡೆಯಿರಲೆಂದು ಶಿಫಾರಸು ಮಾಡಿತು. ಒಂದೇ ಪಟ್ಟಣದ ಎರಡು ಬೀದಿಗಳಲ್ಲಿ ಮನೆಯಿದ್ದರೆ ಇದು ನಡೆದೀತು. ಅಪ್ಪ ಒಂದು ತಾಲ್ಲೂಕಿನಲ್ಲಿ, ಅವ್ವ ಇನ್ನೊಂದರಲ್ಲಿದ್ದರೆ, ಶಾಲೆಯ ವರ್ಷದ ನಡುವೆ ಚೀಲ ಹೊತ್ತು ತಿರುಗುವ ಮಗುವಿನ ಓದು ಏನಾದೀತು? ಅಂಥವರಿಗೆ ರಜೆಯ ದಿನಗಳ ಹಂಚಿಕೆಯೇ ವಾಸಿ.

ಶಾಲೆಯ ವಿಚಾರವಾಗಿ ಇನ್ನೊಂದು ಮಾತು. ಟಿ.ಸಿ. ಕೈಗೆ ಸಿಗದಂತೆ ಮಾಡಿ ತಾಯಿಯನ್ನು ಮಣಿಸುವುದು ಹಳೆಯ ಉಪಾಯ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಎಂಟನೆಯ ತರಗತಿಯವರೆಗಿನ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

ಪಾಲಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸವಾಗಿರುವ ಊರಿನ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯಕ್ಕೆ, ಅದಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಕೊಡಬೇಕು. ಗಂಡ ಬೆಂಗಳೂರಿನಲ್ಲಿದ್ದಾನೆಂದು ನೀವು ಅಲ್ಲಿಗೆ ಓಡಬೇಕಾಗಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ ಉಚಿತ ವಕೀಲರ ನೆರವು ಉಂಟು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ. ಮಗುವಿನ ಜನನಪತ್ರ, ಶಾಲೆಯ ದಾಖಲೆ, ಔಷಧದ ಚೀಟಿಗಳು ಜೊತೆಗಿರಲಿ. ಕಟ್ಟೆಯ ಮೇಲೆ ಬರೆಸಿಕೊಂಡ ಛಾಪಾಕಾಗದವಿದ್ದರೆ ಹರಿದುಹಾಕಬೇಡಿ, ಅದನ್ನೂ ತನ್ನಿ.