ತರಗತಿಯ ತಂತ್ರಜ್ಞಾನ: ವಿಷಯ ಶಿಕ್ಷಕರ ಪರವಾಗಿ



ಜೀವನವಿಡೀ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಹಿರಿಯರೊಬ್ಬರ ನೆನಪಿನ ದತ್ತಿ ಉಪನ್ಯಾಸ ಇದು.  ದೀಕ್ಷಾ ಡಿಜಿಟಲ್ ಕಲಿಕಾ ವೇದಿಕೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್, ಸ್ಮಾರ್ಟ್ ಬೋರ್ಡ್‌ಗಳ ಬಳಕೆಯ ವಿವರ ಶಿಕ್ಷಣ ಇಲಾಖೆಯ ಕೈಪಿಡಿಗಳಲ್ಲಿ ಸಿಗುತ್ತದೆ. ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರರ ತಿಳಿವಳಿಕೆಯೂ ಶಿಕ್ಷಕರಲ್ಲಿ ಕೂಡಿಬರಬೇಕೆಂದು ಶಿಕ್ಷಣ ಸಂಶೋಧಕರಾದ ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಹೇಳಿದ್ದೂ ನಿಮಗೆ ಗೊತ್ತು. ಹಾಗಾಗಿ ನೇರವಾಗಿ ತಕರಾರಿಗೆ ಬರುತ್ತೇನೆ: ಕಂಪ್ಯೂಟರ್ ಯಾರ ಕೈಯಲ್ಲಿರಬೇಕು?

ಕರ್ನಾಟಕದ ನಮ್ಮ ಪ್ರೌಢಶಾಲೆಗಳಿಗೆ ಕಂಪ್ಯೂಟರ್‌ಗಳು ಬಹುಮಟ್ಟಿಗೆ ಗುತ್ತಿಗೆಯ ಮೂಲಕ ಬಂದವು. ಯಂತ್ರದ ಜತೆಗೆ ಬೋಧಕರನ್ನೂ ಏಜೆನ್ಸಿಯೇ ಒದಗಿಸಿತು. ಗುತ್ತಿಗೆ ಮುಗಿದಾಗ ಬೋಧಕರು ಹೋದರು. ಎಷ್ಟೋ ಕಡೆ ಕೊಠಡಿಗೆ ಬೀಗ ಬಿತ್ತು. ಇದಕ್ಕೆ ಬದಲಾಗಿ ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಸ್ವಂತ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿಕೊಂಡು, ಮುಕ್ತ ತಂತ್ರಾಂಶಗಳತ್ತ ಹೊರಳಿತು. ನಮ್ಮಲ್ಲೂ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಇದೇ ದಾರಿ ಹಿಡಿದಿತ್ತು. ಗಣಿತ, ವಿಜ್ಞಾನದ ಮೇಷ್ಟ್ರುಗಳು ತಾವೇ ಕನ್ನಡದಲ್ಲಿ ಸಂಪನ್ಮೂಲ ಸಿದ್ಧಪಡಿಸಿ ಹಂಚಿಕೊಂಡರು. ಅದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ನಿಲುವು.

ಏಕೆಂದು ಒಂದು ಪಾಠದಿಂದ ಹೇಳುತ್ತೇನೆ. ಒಂಬತ್ತನೇ ತರಗತಿ. ಪರದೆಯ ಮೇಲೆ ಜಿಯೋಜೀಬ್ರಾ ಗಣಿತ ತಂತ್ರಾಂಶದಲ್ಲಿ ಬರೆದ ತ್ರಿಭುಜ. ಕೋನಗಳು ಪೂರ್ಣಾಂಕದಲ್ಲಿ ಕಾಣುವಂತಿದ್ದವು. ಶಿಕ್ಷಕಿ ಒಂದು ಶೃಂಗವನ್ನು ಎಳೆದರು: 60, 60, 59. "ಮೇಡಂ, 179 ಬಂತು!" ಎಂದ ಒಬ್ಬ ಹುಡುಗ. ಅವರು ದಶಮಾಂಶ ಸ್ಥಾನ ಹೆಚ್ಚಿಸಿದರು: 60.4, 60.4, 59.2. ಕೂಡಿದರೆ 180. "ಹಾಗಾದರೆ ಎಷ್ಟು ಸ್ಥಾನ ತೋರಿಸಿದರೆ ನಂಬಬಹುದು?" ಎಂದು ಕೇಳಿದರು. ತರಗತಿ ಗೊಂದಲಕ್ಕೆ ಬಿತ್ತು. ಆಗ ಕರಿಹಲಗೆಯ ಮೇಲೆ ಪಾದಕ್ಕೆ ಸಮಾಂತರ ರೇಖೆ ಎಳೆದು ಕೋನಗಳ ಮೊತ್ತದ ಪ್ರಮೇಯ ಸಾಧಿಸಿದರು. ಅಳತೆ ಬೇರೆ, ಸಾಧನೆ ಬೇರೆ ಎಂಬುದು ಆ ಮಕ್ಕಳಿಗೆ ಮನವರಿಕೆಯಾಯಿತು. ಗಣಿತ ಬಲ್ಲವರಿಗಲ್ಲದೆ ಆ 179ರ ಬೆಲೆ ಹೊಳೆಯುವುದಿಲ್ಲ. ಈ ದತ್ತಿಯ ಹಿರಿಯರಿಗೆ ಇಂಥ ಪಾಠ ಬಹಳ ಮೆಚ್ಚಿಗೆಯಾಗುತ್ತಿತ್ತು ಎಂದು ನಂಬಿದ್ದೇನೆ.

ನನ್ನ ಈ ನಿಲುವಿಗೆ ಎದುರು ವಾದ ಶಿಕ್ಷಣ ಸಂಶೋಧಕ ಸುಗತ ಮಿತ್ರರದು. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯಲ್ಲಿ ಕಂಪ್ಯೂಟರ್ ಇಟ್ಟು, ಮಕ್ಕಳು ತಾವಾಗಿಯೇ ಕಲಿಯುತ್ತಾರೆ ಎಂದರು. ಮಕ್ಕಳ ಕುತೂಹಲದ ಬಗ್ಗೆ ಅವರಿಗಿರುವ ಗೌರವ ನನಗೂ ಇದೆ. ಆದರೆ ತಮಿಳುನಾಡಿನ ಕಳಿಕುಪ್ಪಂನಲ್ಲಿ ನಡೆದ ಅವರದೇ ಪ್ರಯೋಗ ನೋಡಿ. ಜೈವಿಕ ತಂತ್ರಜ್ಞಾನವನ್ನು ತಾವೇ ಕಲಿಯುತ್ತಿದ್ದ ಹಳ್ಳಿಯ ಮಕ್ಕಳ ಅಂಕ ಒಂದು ಹಂತದವರೆಗೆ ಏರಿತು. ಹುರಿದುಂಬಿಸುವ ಹಿರಿಯರೊಬ್ಬರು ಜತೆಗೂಡಿದ ಮೇಲೆ ಇನ್ನೂ ಏರಿತು. ವಿಷಯ ತಿಳಿಯದ ಹಿರಿಯರ ಪ್ರೋತ್ಸಾಹವೇ ಇಷ್ಟು ಫಲ ಕೊಟ್ಟರೆ, ವಿಷಯ ತಿಳಿದ ಶಿಕ್ಷಕರನ್ನು ಬದಿಗೆ ಸರಿಸಲು ಅದು ಹೇಗೆ ಆಧಾರವಾದೀತು? ಪೆರುವಿನ 319 ಗ್ರಾಮೀಣ ಶಾಲೆಗಳ ಅಧ್ಯಯನವೂ ಲ್ಯಾಪ್‌ಟಾಪ್ ಹಂಚಿದ ಮಾತ್ರಕ್ಕೆ ಗಣಿತ, ಭಾಷೆಗಳ ಕಲಿಕೆ ಸುಧಾರಿಸಲಿಲ್ಲ ಎಂದು 2012ರಲ್ಲಿ ತೋರಿಸಿತು.

ಇಂದು ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ, ಯಂತ್ರವಿದ್ದರೆ ಮಕ್ಕಳು ತಾವಾಗಿಯೇ ಕಲಿಯುತ್ತಾರೆ ಎಂಬ ಅದೇ ಹಳೆಯ ವಾದ ಮರಳಿದೆ. ಇಲಾಖೆಗೆ ನನ್ನ ವಿನಂತಿ ಇಷ್ಟೆ: ಯಾವ ಗುಂಡಿ ಒತ್ತಬೇಕೆಂದು ಹೇಳಿ ಮುಗಿಸುವ ಒಂದು ದಿನದ ತರಬೇತಿ ಬಿಡಿ. ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ಒಂದೊಂದು ಪಾಠವನ್ನು ಒಟ್ಟಾಗಿ ಕಟ್ಟಿ, ಕಲಿಸಿ ನೋಡಿ, ಮತ್ತೆ ಕೂತು ಚರ್ಚಿಸಲು ಸಮಯ ಕೊಡಿ. ಕಂಪ್ಯೂಟರ್ ಕೊಠಡಿಯ ಕೀಲಿಕೈ ವಿಷಯ ಶಿಕ್ಷಕರ ಬಳಿ ಇರಲಿ.